ಕರ್ಣ ಯಾರಿಗೆ ದ್ರೋಹ ಮಾಡಿದ? ಕಥೆಗಳಲ್ಲಿ ನಂಬಿಕೆ ಮುರಿಯುವ ಬಗೆ

ಸುಗ್ಗಿ ಮುಗಿದು ಯುಗಾದಿ ಹತ್ತಿರವಾಯಿತೆಂದರೆ ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕದ ಫ್ಲೆಕ್ಸ್‌ಗಳು ಏಳುತ್ತವೆ. ಹಗಲು ಕಬ್ಬು ಕಡಿದವರು, ಆಟೊ ಓಡಿಸಿದವರು, ಡೇರಿಗೆ ಹಾಲು ಹಾಕಿ ಬಂದವರು ರಾತ್ರಿ ಕಿರೀಟ ಇಟ್ಟು, ಭುಜಕೀರ್ತಿ ಕಟ್ಟಿ ನಿಲ್ಲುತ್ತಾರೆ. ಡ್ರಾಮಾ ಮೇಷ್ಟ್ರ ಹಾರ್ಮೋನಿಯಂ ಮುಂದೆ ತಿಂಗಳುಗಟ್ಟಲೆ ಕೂತು ಕಲಿತ ಪದ್ಯಗಳು ಬೆಳಗಿನ ಜಾವದವರೆಗೆ ಮೊಳಗುತ್ತವೆ. ಮಾರನೇ ದಿನ ಟೀ ಅಂಗಡಿಯಲ್ಲಿ ಯಾರ ಕಂಠ ಚೆನ್ನಾಗಿತ್ತು, ಯಾರು ತಾಳ ತಪ್ಪಿದರು ಎಂಬ ಮಾತೆಲ್ಲ ಮುಗಿದ ಮೇಲೂ ಒಂದು ಜಗಳ ಉಳಿದೇ ಇರುತ್ತದೆ. ಪಾಂಡವರು ತನ್ನ ಒಡಹುಟ್ಟಿದವರು ಅಂತ ಗೊತ್ತಾದ ಮೇಲೂ ಕರ್ಣ ದುರ್ಯೋಧನನ ಕಡೆಗೇ ನಿಂತನಲ್ಲ, ಅದು ದ್ರೋಹ ಅಲ್ಲವಾ ಎಂದು ಹುಡುಗರು ಕೇಳುತ್ತಾರೆ. ಹಿರಿಯರ ಉತ್ತರ ಸಿದ್ಧವಾಗಿರುತ್ತದೆ: “ಉಂಡ್ ಮನೆಗೆ ಎರಡು ಬಗೆಯಕ್ಕಾಯ್ತದೇನ್ಲಾ?”

ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಈ ಜಗಳ ಬಗೆಹರಿಯದೆ ಉಳಿಯುವುದೂ ಅದಕ್ಕೇ. ಟಿವಿ ಧಾರಾವಾಹಿ, ಕಾದಂಬರಿ, ಜನಪದ ಹಾಡು, ಹಳಗನ್ನಡ ಕಾವ್ಯ ಎಲ್ಲಿ ನೋಡಿದರೂ ಮನೆಯವರೇ, ಗೆಳೆಯರೇ ಕೈಕೊಡುವ ಕಥೆಗಳು ನಮ್ಮನ್ನು ಹಿಡಿದು ಕೂರಿಸುತ್ತವೆ. ಅವು ಹೇಗೆ ಕೆಲಸ ಮಾಡುತ್ತವೆ, ಕೆಲವು ಕಥೆಗಳ ನೋವು ಮನಸ್ಸಿನಲ್ಲಿ ನೆಲೆ ನಿಂತು ಇನ್ನು ಕೆಲವು ಮರುದಿನವೇ ಮರೆತುಹೋಗುವುದೇಕೆ ಎಂಬುದನ್ನು ಬುಡದಿಂದ ನೋಡೋಣ.

ಹಗೆಯವನು ಮಾಡಿದರೆ ಅದು ದ್ರೋಹವಾಗದು

ಭೀಮ ಗದೆಯಿಂದ ದುರ್ಯೋಧನನ ತೊಡೆ ಮುರಿದ. ಅದನ್ನು ಅಧರ್ಮ ಎನ್ನಬಹುದು, ದ್ರೋಹ ಎನ್ನಲಾಗದು. ಅವರಿಬ್ಬರ ನಡುವೆ ಮುರಿಯಲು ನಂಬಿಕೆಯೇ ಇರಲಿಲ್ಲ. ದ್ರೋಹಕ್ಕೆ ಮೊದಲು ಬೇಕಾದದ್ದು ಹತ್ತಿರದ ಸಂಬಂಧ. ಎರಡನೆಯದು, ಒಬ್ಬರು ಇನ್ನೊಬ್ಬರ ಮೇಲೆ ಭಾರ ಹಾಕಿ ನಿಶ್ಚಿಂತೆಯಿಂದ ಇರುವುದು. ಮೂರನೆಯದು, ಆ ನಿಶ್ಚಿಂತೆಯನ್ನೇ ಬಳಸಿಕೊಂಡು ಏಟು ಬೀಳುವುದು. ಕೇರಿಯ ಕಳ್ಳ ಒಡವೆ ಕದ್ದರೆ ಕಳವು. ಬೀಗದ ಕೈ ಎಲ್ಲಿದೆ ಎಂದು ಗೊತ್ತಿದ್ದ ತಮ್ಮನೇ ಕದ್ದರೆ ಹೋದ ಒಡವೆಯ ಲೆಕ್ಕ ಅಷ್ಟೇ ಇದ್ದರೂ ಕಥೆ ಬೇರೆಯಾಗುತ್ತದೆ.

ಮೋಸ, ವಂಚನೆ ಎಂಬ ಮಾತುಗಳನ್ನು ಅಪರಿಚಿತರಿಗೂ ಬಳಸುತ್ತೇವೆ. ನಂಬಿಕೆದ್ರೋಹ, ಮಿತ್ರದ್ರೋಹ ಎಂಬ ಮಾತುಗಳನ್ನು ಹತ್ತಿರದವರಿಗಾಗಿ ಉಳಿಸಿಕೊಂಡಿದ್ದೇವೆ. ಹಳಗನ್ನಡ ಕಾವ್ಯಗಳ ಕಾಲದಲ್ಲಿ ಜೋಳವಾಳಿ ಎಂಬ ಕಟ್ಟುಪಾಡು ಇತ್ತು. ಹೊಟ್ಟೆಗೆ ಹಾಕಿದ ದೊರೆಗೆ ಜೀವ ಕೊಟ್ಟಾದರೂ ಋಣ ತೀರಿಸಬೇಕು ಎಂಬುದು ಅದರ ತಿರುಳು. ಟೀ ಅಂಗಡಿಯ ಹಿರಿಯರು ಹೇಳುವ ಅನ್ನದ ಋಣ ಅದೇ. ಹುಡುಗರು ಹೇಳುವುದು ರಕ್ತದ ಋಣ. ಕರ್ಣನ ಕಥೆಯಲ್ಲಿ ಈ ಎರಡು ಋಣಗಳು ಎದುರುಬದುರು ನಿಂತಿವೆ. ಒಂದನ್ನು ತೀರಿಸಿದರೆ ಇನ್ನೊಂದಕ್ಕೆ ದ್ರೋಹವಾಗುತ್ತದೆ. ದೊಡ್ಡ ಕಥೆಗಳಲ್ಲಿ ದ್ರೋಹ ಕೆಟ್ಟವರ ಕೆಲಸವಾಗಿ ಬರುವುದಕ್ಕಿಂತ ಹೀಗೆ ಎರಡು ಋಣಗಳ ನಡುವೆ ಸಿಕ್ಕಿಕೊಂಡವರ ಸಂಕಟವಾಗಿ ಬರುವುದೇ ಹೆಚ್ಚು.

ಮೊದಲು ನಂಬಿಕೆಯನ್ನು ಕಟ್ಟಬೇಕು

ಪಂಪ 941ರ ಸುಮಾರಿಗೆ ಬರೆದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಒಂದು ಚಿಕ್ಕ ಪ್ರಸಂಗವಿದೆ. ಯುದ್ಧ ಹತ್ತಿರವಾದಾಗ ಕೃಷ್ಣ ಕರ್ಣನನ್ನು ಪಾಂಡವರ ಕಡೆಗೆ ಸೆಳೆಯಲು ನೋಡುತ್ತಾನೆ. ಆಗ ಕರ್ಣ ಧರ್ಮಶಾಸ್ತ್ರ ಮಾತಾಡುವುದಿಲ್ಲ, ಒಂದು ನೆನಪು ಹೇಳುತ್ತಾನೆ. ದುರ್ಯೋಧನನ ಹೆಂಡತಿ ಭಾನುಮತಿಯ ಜೊತೆ ನೆತ್ತ, ಅಂದರೆ ಪಗಡೆ, ಆಡುತ್ತಿದ್ದದ್ದು, ಅವಳು ಸೋತದ್ದು, ಸೋತ ಪಣ ಕೊಡು ಎಂದು ಕಾಡುವಾಗ ಮುತ್ತಿನ ಸರ ಹರಿದು ಮುತ್ತುಗಳು ಚೆಲ್ಲಿಹೋದದ್ದು. ಅಲ್ಲಿಗೆ ಬಂದ ದುರ್ಯೋಧನ ಹುಬ್ಬು ಗಂಟಿಕ್ಕಲಿಲ್ಲ. ಇವನ್ನು ಆಯ್ದುಕೊಡಲೇ ಎಂದು ಕೇಳಿದ. ಇಂಥವನನ್ನು ಬಿಸುಟು ನಿಮ್ಮೊಡನೆ ಸೇರಿದರೆ ನಾನು ಎಂಥವನಾದೇನು ಎಂಬುದು ಕರ್ಣನ ಪ್ರಶ್ನೆ.

ಕಥೆ ಕಟ್ಟುವ ಕಲೆಯ ದೃಷ್ಟಿಯಿಂದ ಇದನ್ನು ಎಷ್ಟು ಸಲ ಓದಿದರೂ ಸಾಲದು. ದುರ್ಯೋಧನ ಕರ್ಣನಿಗೆ ಅಂಗರಾಜ್ಯ ಕೊಟ್ಟಿದ್ದ ಎಂಬುದು ಎಲ್ಲರಿಗೂ ಗೊತ್ತು. ರಾಜ್ಯ ಕೊಟ್ಟದ್ದರಲ್ಲಿ ರಾಜಕಾರಣವೂ ಇರಬಹುದು, ಅರ್ಜುನನಿಗೆ ಎದುರಾಳಿ ಬೇಕಿತ್ತು. ಚೆಲ್ಲಿದ ಮುತ್ತನ್ನು ಆಯ್ದುಕೊಡಲೇ ಎಂದು ಕೇಳುವುದರಲ್ಲಿ ಯಾವ ಲಾಭವೂ ಇಲ್ಲ. ಅನುಮಾನ ಹುಟ್ಟಲು ಎಲ್ಲ ಕಾರಣ ಇದ್ದ ಹೊತ್ತಿನಲ್ಲಿ ಅನುಮಾನ ಪಡದೆ ಇದ್ದನಲ್ಲ, ನಂಬಿಕೆ ಎಂದರೆ ಅದು. ಅದನ್ನು ಕಂಡ ಮೇಲೆ ಕರ್ಣ ಎಲ್ಲಿಗೂ ಹೋಗಲಾರ ಎಂಬುದು ಕೇಳುಗರಿಗೆ ಯಾರೂ ವಿವರಿಸದೆಯೇ ತಿಳಿಯುತ್ತದೆ.

ರಾತ್ರಿ ಧಾರಾವಾಹಿಗಳಲ್ಲಿ ವಾರಕ್ಕೊಂದು ದ್ರೋಹ ನಡೆದರೂ ನಮಗೆ ನಾಟದಿರುವುದಕ್ಕೆ ಕಾರಣ ಇಲ್ಲೇ ಇದೆ. ಅಲ್ಲಿ ಅತ್ತಿಗೆ ವಿಷ ಬೆರೆಸುತ್ತಾಳೆ, ಗೆಳತಿ ಸುಳ್ಳು ಪತ್ರ ಸೃಷ್ಟಿಸುತ್ತಾಳೆ. ಏಟು ಕೊಟ್ಟವರೂ ಏಟು ತಿಂದವರೂ ಮೊದಲು ಜೊತೆಯಲ್ಲಿ ನಗುತ್ತಾ ಕಾಫಿ ಕುಡಿದ ಒಂದು ಸಂಜೆಯನ್ನೂ ನಾವು ನೋಡಿರುವುದಿಲ್ಲ.

ಗೊತ್ತಿದ್ದವರು ಯಾರು ಯಾರು?

ದ್ರೋಹದ ಕಥೆಗಳಲ್ಲಿ ಎರಡನೇ ಕೀಲಿ ಗುಟ್ಟು. ಗುಟ್ಟು ಏನು ಎಂಬುದಕ್ಕಿಂತ ಅದು ಯಾರಿಗೆ ಗೊತ್ತಿತ್ತು, ಯಾವಾಗಿನಿಂದ ಗೊತ್ತಿತ್ತು, ಯಾಕೆ ಬಾಯಿ ಬಿಡಲಿಲ್ಲ ಎಂಬುದೇ ಕಥೆಯನ್ನು ನಡೆಸುತ್ತದೆ.

ಕರ್ಣನ ಹುಟ್ಟಿನ ಗುಟ್ಟನ್ನೇ ತೆಗೆದುಕೊಳ್ಳಿ. ಕುಂತಿಗೆ ಗೊತ್ತಿತ್ತು. ಹಸುಗೂಸನ್ನು ಹೊಳೆಯಲ್ಲಿ ತೇಲಿಬಿಟ್ಟವಳು ಅವಳೇ. ರಾಜಕುಮಾರರ ಅಸ್ತ್ರವಿದ್ಯೆಯ ಪ್ರದರ್ಶನದ ದಿನ ಕವಚಕುಂಡಲ ತೊಟ್ಟು ಬಂದ ಯುವಕನನ್ನು ನೋಡಿದ ಕೂಡಲೇ ಗುರುತು ಹಿಡಿದು ಮೂರ್ಛೆ ಹೋದಳು. ಎಚ್ಚರವಾದ ಮೇಲೂ ಹೇಳಲಿಲ್ಲ. ಆ ದಿನ ಒಂದು ಮಾತು ಆಡಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ. ಆದರೆ ಮದುವೆಗೆ ಮುಂಚೆ ಹೆತ್ತವಳು ತುಂಬಿದ ಸಭೆಯಲ್ಲಿ ಆ ಮಾತು ಆಡುವುದು ಹೇಗೆ? ಅವಳ ಮೌನದಲ್ಲಿ ಹೆದರಿಕೆಯೂ ಇದೆ, ಹೆತ್ತ ಮಗನಿಗೆ ಮಾಡಿದ ಅನ್ಯಾಯವೂ ಇದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವುದನ್ನು ಕಥೆ ನಮಗೆ ಕಲಿಸುತ್ತದೆ.

ಮುಂದೆ ಆ ಗುಟ್ಟನ್ನು ಕೃಷ್ಣ ಒಡೆಯುತ್ತಾನೆ, ಬೇಕಂತಲೇ. 15ನೇ ಶತಮಾನದ ಕುಮಾರವ್ಯಾಸ ಈ ಸನ್ನಿವೇಶಕ್ಕೆ ಕೊಟ್ಟ ಸಾಲುಗಳು ಕನ್ನಡದಲ್ಲಿ ಬಹಳ ಜನರ ಬಾಯಲ್ಲಿವೆ. ಕರ್ಣನ ಕೊರಳ ಸೆರೆ ಉಬ್ಬಿ ಬರುತ್ತದೆ, ಕಣ್ಣೀರು ಉಕ್ಕುತ್ತದೆ. ನಾನು ರಾಜಕುಮಾರ, ನನಗೆ ಐವರು ತಮ್ಮಂದಿರು ಎಂದು ಅವನಿಗೆ ಮೊದಲು ಹೊಳೆಯುವುದಿಲ್ಲ. ಅವನ ಮನಸ್ಸಿನಲ್ಲಿ ಮೊದಲು ಹುಟ್ಟುವ ಮಾತು “ಅಕಟಾ, ಕುರುಪತಿಗೆ ಕೇಡಾದುದು.” ಅಯ್ಯೋ, ದುರ್ಯೋಧನ ಕೆಟ್ಟನಲ್ಲ ಎಂದು. ತಮ್ಮಂದಿರೆಂದು ತಿಳಿದ ಮೇಲೆ ಅವರ ಮೇಲೆ ಬಿಡುವ ಬಾಣದಲ್ಲಿ ಮೊದಲಿನ ಬಿಗಿ ಇರುವುದಿಲ್ಲ ಎಂಬುದು ಆ ಗಳಿಗೆಯಲ್ಲೇ ಅವನಿಗೆ ತಿಳಿದುಬಿಟ್ಟಿದೆ. ಅವನು ದ್ರೋಹ ಮಾಡಲೇಬೇಕೆಂದಿಲ್ಲ. ಗುಟ್ಟು ಕಿವಿಗೆ ಬಿದ್ದದ್ದೇ ಸಾಕಾಯಿತು. ಇಲ್ಲಿ ಕೃಷ್ಣ ಹೇಳಿದ್ದರಲ್ಲಿ ಒಂದು ಸುಳ್ಳೂ ಇಲ್ಲ ಎಂಬುದನ್ನು ಗಮನಿಸಿ. ಹೊತ್ತು ನೋಡಿ ಹೇಳಿದ ನಿಜವೂ ಏಟು ಹಾಕಬಲ್ಲದು.

ನಾಟಕದಲ್ಲಿ ಕರ್ಣ–ಕುಂತಿ ಭೇಟಿಯ ಭಾಗ ಬಂದಾಗ ಗದ್ದಲ ಮಾಡುತ್ತಿದ್ದ ಮುಂದಿನ ಸಾಲಿನ ಮಕ್ಕಳೂ ಸುಮ್ಮನಾಗುತ್ತಾರೆ. ತಾಯಿ ಎಂದು ಬಂದವಳು ಕೇಳುವುದು ವರ. ತೊಟ್ಟ ಬಾಣವನ್ನು ಮತ್ತೆ ತೊಡಬಾರದು, ಅರ್ಜುನನನ್ನು ಬಿಟ್ಟು ಉಳಿದ ನಾಲ್ವರನ್ನು ಕೊಲ್ಲಬಾರದು. ಕರ್ಣ ಒಪ್ಪುತ್ತಾನೆ. ಯುದ್ಧದಲ್ಲಿ ಸರ್ಪಾಸ್ತ್ರ ಗುರಿ ತಪ್ಪುತ್ತದೆ. ಅದೇ ಬಾಣ ತಿರುಗಿ ಬಂದು ಮತ್ತೆ ತೊಡು ಎಂದರೂ ಕರ್ಣ ತೊಡುವುದಿಲ್ಲ. ಸಾರಥಿ ಶಲ್ಯ ಸಿಟ್ಟಾಗಿ ರಥ ಬಿಟ್ಟು ಇಳಿದು ಹೋಗುತ್ತಾನೆ. ಹೆತ್ತವಳಿಗೆ ಕೊಟ್ಟ ಮಾತು ಉಳಿಯಿತು. ಉಂಡ ಮನೆ ಉಳಿಯಲಿಲ್ಲ. ಟೀ ಅಂಗಡಿಯ ಎರಡೂ ಕಡೆಯವರಿಗೆ ಇಲ್ಲಿ ಸಾಕ್ಷಿ ಸಿಗುತ್ತದೆ: ಕರ್ಣ ಗೆಳೆಯನನ್ನು ಬಿಡಲಿಲ್ಲ, ಆದರೂ ಗೆಳೆಯನ ಗೆಲುವನ್ನು ತಾಯಿಯ ಕೈಗೆ ಕೊಟ್ಟ.

ಇದಕ್ಕೆಲ್ಲ ಇನ್ನೊಂದು ತಿರುವು ಕೊಟ್ಟವನು ರನ್ನ. 10ನೇ ಶತಮಾನದ ಕೊನೆಯ ‘ಗದಾಯುದ್ಧ’ದಲ್ಲಿ ಎಲ್ಲ ಕಳೆದುಕೊಂಡ ದುರ್ಯೋಧನ ಹೆಣಗಳ ನಡುವೆ ನಡೆಯುತ್ತಾ ಸತ್ತುಬಿದ್ದ ಕರ್ಣನ ಮುಂದೆ ಬಂದು ನಿಲ್ಲುತ್ತಾನೆ. “ಆನರಿವೆಂ, ಪೃಥೆಯರಿವಳ್” ಎಂದು ಶುರುವಾಗುವ ಪದ್ಯ ಅಲ್ಲಿ ಬರುತ್ತದೆ. ನೀನು ಯಾರ ಮಗನೆಂದು ನಾನು ಬಲ್ಲೆ, ಕುಂತಿ ಬಲ್ಲಳು, ಕೃಷ್ಣ ಬಲ್ಲ, ಸೂರ್ಯ ಬಲ್ಲ, ಸಹದೇವ ಬಲ್ಲ. ಬೇರೆ ಯಾರೂ ಅರಿಯರು ಎನ್ನುತ್ತಾನೆ ದುರ್ಯೋಧನ. ಎದೆ ಧಸಕ್ಕೆನ್ನುವ ಮಾತು. ಅಂದರೆ ಇವನಿಗೂ ಗೊತ್ತಿತ್ತು! ಗೊತ್ತಿದ್ದೂ ಗೆಳೆಯನಿಗೆ ಹೇಳಲಿಲ್ಲ. ಕಳೆದುಕೊಳ್ಳುವ ಹೆದರಿಕೆಯಿಂದ ಬಚ್ಚಿಟ್ಟನೋ, ಹುಟ್ಟು ಯಾವುದಾದರೇನು ಇವನು ನನ್ನವನು ಎಂಬ ಪ್ರೀತಿಯಿಂದ ಸುಮ್ಮನಿದ್ದನೋ? ರನ್ನ ತೀರ್ಪು ಕೊಡುವುದಿಲ್ಲ. ಪಂಪನ ಮುತ್ತು ಆಯುವ ದುರ್ಯೋಧನನನ್ನೂ ರನ್ನನ ಈ ದುರ್ಯೋಧನನನ್ನೂ ಪಕ್ಕದಲ್ಲಿ ಇಟ್ಟು ಓದಿದರೆ ಗೆಳೆತನ ಎಂಬುದು ಎಷ್ಟು ತೊಡಕಿನ ಗಂಟು ಎಂದು ತಿಳಿಯುತ್ತದೆ.

ಸುಮ್ಮನೆ ಇದ್ದವರ ಪಾಲು

ಶಾಲೆಯಲ್ಲಿ ಓದಿದ ‘ಕೆರೆಗೆ ಹಾರ’ ಎಂಬ ಜನಪದ ಹಾಡು ಹಲವರಿಗೆ ನೆನಪಿರಬಹುದು. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಯಲ್ಲಿ ಹನಿ ನೀರು ನಿಲ್ಲದು. ಮನೆಯ ಸೊಸೆಯನ್ನು ಹಾರ, ಅಂದರೆ ಬಲಿ, ಕೊಡಬೇಕು ಎಂದಾಗುತ್ತದೆ. ಹಿರಿಸೊಸೆ ಹೋದರೆ ಮನೆತನ ನಡೆಸುವವರು ಯಾರು? ಕಿರಿಸೊಸೆ ಭಾಗೀರಥಿಯೇ ಆಗಲಿ ಎಂದು ಹಿರಿಯರು ತೀರ್ಮಾನಿಸುತ್ತಾರೆ. ಅವಳ ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ.

ಇಲ್ಲಿ ದ್ರೋಹ ಅತ್ತೆ ಮಾವನದು ಎಂದು ಹೇಳಿಬಿಡುವುದು ಸುಲಭ. ಹಾಡು ಅಷ್ಟಕ್ಕೇ ನಿಲ್ಲುವುದಿಲ್ಲ. ಭಾಗೀರಥಿ ತವರಿಗೆ ಹೋಗುತ್ತಾಳೆ. ಯಾಕಮ್ಮ ಮುಖ ಬಾಡಿದೆ ಎಂದು ಅಪ್ಪ ಕೇಳಿದರೆ, ಅತ್ತೆ ಮಾವ ಬೇರೆ ಮನೆ ಇಡುತ್ತಾರಂತೆ ಎಂದು ಸುಳ್ಳು ಹೇಳುತ್ತಾಳೆ. ಇಟ್ಟರೆ ಇಡಲಿ, ಹೊಲಮನೆ ಕೊಡುತ್ತೇನೆ ಎನ್ನುತ್ತಾನೆ ಅಪ್ಪ. ಅಲ್ಲಿಂದ ಗೆಳತಿಯ ಮನೆಗೆ ಹೋಗುತ್ತಾಳೆ. ಅವಳೊಬ್ಬಳಿಗೆ ಮಾತ್ರ ನಿಜ ಹೇಳುತ್ತಾಳೆ: ನನ್ನನ್ನು ಕೆರೆಗೆ ಹಾರ ಕೊಡುತ್ತಾರಂತೆ. ಗೆಳತಿಯ ಉತ್ತರ, ಕೊಟ್ಟರೆ ಕೊಡಲಿ, ಅವರು ಇಟ್ಟ ಹಾಗೆ ಇರಬೇಕು.

ನನ್ನ ಮಟ್ಟಿಗೆ ಇಡೀ ಹಾಡಿನಲ್ಲಿ ಅತ್ಯಂತ ತಣ್ಣನೆಯ ಜಾಗ ಇದು, ನೀರು ಮೆಟ್ಟಿಲು ಮೆಟ್ಟಿಲಾಗಿ ಏರುವ ಜಾಗಕ್ಕಿಂತಲೂ. ಗೆಳತಿ ಕೆಟ್ಟವಳೇನಲ್ಲ. ಆ ಕಾಲದಲ್ಲಿ ಯಾವ ಹೆಣ್ಣಾದರೂ ಹೇಳಿಕೊಳ್ಳುತ್ತಿದ್ದ ಸಮಾಧಾನವನ್ನೇ ಅವಳೂ ಹೇಳಿದಳು. ಆದರೆ ಭಾಗೀರಥಿ ಬಾಯಿ ಬಿಟ್ಟು ಕೇಳಿದ ಒಂದೇ ಬಾಗಿಲು ಅದಾಗಿತ್ತು. ಕೊನೆಗೆ ಪೂಜೆ ಮುಗಿಸಿ ಬರುವಾಗ ಮರೆತು ಬಂದ ಬಂಗಾರದ ಬಟ್ಟಲು ತರಲು ಅವಳೇ ತಿರುಗಿ ಹೋಗುತ್ತಾಳೆ. ಯಾರೂ ತಳ್ಳುವುದಿಲ್ಲ. ಒಂದು ಕುಟುಂಬ ಒಟ್ಟಾಗಿ ಮಾಡುವ ದ್ರೋಹದಲ್ಲಿ ಕೈ ಮಾಡಿದವರು ಯಾರು ಎಂದು ತೋರಿಸುವುದು ಹೀಗೆಯೇ ಕಷ್ಟ. ದಂಡಿನಿಂದ ಬಂದ ಮಾದೇವರಾಯ ಅದೇ ಕೆರೆಗೆ ಹಾರಿದ ಮೇಲೆ, ಉಳಿಸಿಕೊಂಡ ಮನೆತನದಲ್ಲಿ ಆ ಕವಲು ಇಲ್ಲವಾಯಿತು.

ನಂಬದೆ ಇರುವುದೂ ಒಂದು ದ್ರೋಹ

ಮಲೆ ಮಾದೇಶ್ವರನ ಕಥೆಯನ್ನು ಕಂಸಾಳೆ ಹಿಡಿದು ಹಾಡುವ ದೇವರಗುಡ್ಡರು ಮೈಸೂರು, ಮಂಡ್ಯ, ಚಾಮರಾಜನಗರ ಸೀಮೆಯಲ್ಲಿ ಇಂದಿಗೂ ಇದ್ದಾರೆ. ಅದರಲ್ಲಿ ಸಂಕಮ್ಮನ ಸಾಲು ಎಂಬ ಭಾಗವಿದೆ. ಕಾಡಿಗೆ ಹೊರಟ ಗಂಡ ನೀಲೇಗೌಡ, ತಾನು ಬರುವವರೆಗೆ ಪತಿವ್ರತೆಯಾಗಿ ಇರುತ್ತೇನೆಂದು ಭಾಷೆ ಕೊಡು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ತಪ್ಪು ಮಾಡುವ ಇರಾದೆ ಅವಳಿಗಿಲ್ಲ. ಭಾಷೆ ಕೇಳಿದ್ದೇ ಅವಳಿಗೆ ಅವಮಾನ. ಅವನು ಮಂತ್ರ ಹಾಕಿ ಅವಳನ್ನು ಕಟ್ಟಿಹಾಕಿ ಹೋಗುತ್ತಾನೆ. ಮಾದೇಶ್ವರ ಬಂದು ಬಿಡಿಸಿ, ಕಾರಯ್ಯ ಬಿಲ್ಲಯ್ಯ ಎಂಬ ಮಕ್ಕಳ ಭಾಗ್ಯ ಕೊಡುತ್ತಾನೆ. ಮುತ್ತು ಚೆಲ್ಲಿದ್ದನ್ನು ಕಂಡೂ ಅನುಮಾನಪಡದ ದುರ್ಯೋಧನ ಅಲ್ಲಿ, ಏನೂ ನಡೆಯದಿದ್ದರೂ ಭಾಷೆ ಬೇಡುವ ನೀಲೇಗೌಡ ಇಲ್ಲಿ.

ಮೈಸೂರಿನ ಚಾಮರಾಜಪುರಂನಲ್ಲಿ ಬಾಳಿ, 1963ರಲ್ಲಿ ಇನ್ನೂ ಚಿಕ್ಕ ವಯಸ್ಸಿಗೇ ತೀರಿಕೊಂಡ ಕಾದಂಬರಿಗಾರ್ತಿ ತ್ರಿವೇಣಿ ‘ಶರಪಂಜರ’ದಲ್ಲಿ ಇದನ್ನೇ ನಮ್ಮ ಕಾಲದ ಮನೆಗೆ ತಂದರು. ಮನಸ್ಸಿನ ಕಾಯಿಲೆ ವಾಸಿಯಾಗಿ ಆಸ್ಪತ್ರೆಯಿಂದ ಮರಳಿದ ಕಾವೇರಿಯನ್ನು ಮನೆಯವರು, ನೆಂಟರು, ನೆರೆಯವರು ವಾಸಿಯಾದವಳೆಂದು ಒಪ್ಪುವುದೇ ಇಲ್ಲ. ನಕ್ಕರೆ ಒಂದು ಅರ್ಥ, ರೇಗಿದರೆ ಇನ್ನೊಂದು. ಗಂಡನಿಗೆ ಬೇರೆ ಹೆಣ್ಣಿನ ಸಂಬಂಧ ಇದೆ ಎಂದು ತಿಳಿದಾಗ ಉಳಿದಿದ್ದ ಆಸರೆಯೂ ಕುಸಿಯುತ್ತದೆ, ಕಾಯಿಲೆ ಮರುಕಳಿಸುತ್ತದೆ. ಗಂಡನ ಸಂಬಂಧ ಎಲ್ಲರ ಕಣ್ಣಿಗೆ ಬೀಳುವ ದ್ರೋಹ. ಅದಕ್ಕೂ ಮುಂಚೆ ದಿನವೂ ಒಂದಿಷ್ಟು ಇಷ್ಟಿಷ್ಟೇ ನಡೆದ ಅಪನಂಬಿಕೆ ಯಾರ ಕಣ್ಣಿಗೂ ದ್ರೋಹವಾಗಿ ಕಾಣಲಿಲ್ಲ. ಕಾದಂಬರಿಯ ಶಕ್ತಿ ಆ ಎರಡನೆಯದನ್ನು ತೋರಿಸಿದ್ದರಲ್ಲಿದೆ.

ಫಲ ಯಾರ ಗದ್ದೆಗೆ?

ವಿಶ್ವೇಶ್ವರಯ್ಯ ನಾಲೆಯ ಬಯಲಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮೇಲುಗಡೆ ಯಾರೋ ರಾತ್ರೋರಾತ್ರಿ ತೂಬು ಎತ್ತಿ ನೀರು ತಿರುಗಿಸಿಕೊಂಡರೆ ಪಕ್ಕದ ಗದ್ದೆಗೆ ಏನೂ ಆಗದು. ಒಣಗುವುದು ಕೊನೇ ಭಾಗದವನ ಪೈರು. ತೂಬು ಎತ್ತಿದವನ ಮುಖವನ್ನೂ ಅವನು ನೋಡಿರುವುದಿಲ್ಲ. ಕಥೆಗಳಲ್ಲಿ ದ್ರೋಹದ ಫಲ ಹರಿಯುವುದು ಹೀಗೆ.

ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ ಇದಕ್ಕೆ ಒಳ್ಳೆಯ ಪಾಠ. ರಾಣಿ ಅಮೃತಮತಿ ರಾತ್ರಿ ಕೇಳಿದ ಹಾಡಿಗೆ ಮರುಳಾಗಿ ಕುರೂಪಿ ಮಾವಟಿಗ ಅಷ್ಟಾವಂಕನಿಗೆ ಒಲಿಯುತ್ತಾಳೆ. ರಾಜ ಯಶೋಧರ ಹಿಂಬಾಲಿಸಿ ಹೋಗಿ ಕಣ್ಣಾರೆ ನೋಡುತ್ತಾನೆ. ಕತ್ತಿ ಎತ್ತಿ, ಕೊಲ್ಲದೆ ತಡೆದುಕೊಳ್ಳುತ್ತಾನೆ. ಮುಂದೆ ತಾಯಿ ಚಂದ್ರಮತಿ ಮಗನ ಮುಖ ನೋಡಿ ಏನಾಯಿತು ಎಂದರೆ ಕೆಟ್ಟ ಕನಸು ಬಿತ್ತು ಎಂದು ಮುಚ್ಚಿಡುತ್ತಾನೆ. ಕನಸಿನ ಕೇಡು ಕಳೆಯಲು ತಾಯಿ ದೇವಿಗೆ ಬಲಿ ಕೊಡು ಎನ್ನುತ್ತಾಳೆ. ಜೀವಬಲಿ ಬೇಡವೆಂದ ಮಗ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಕಡಿದಾಗ ಅದು ಕೂಗುತ್ತದೆ. ಕೊನೆಗೆ ಅಮೃತಮತಿ ತಾಯಿ ಮಗ ಇಬ್ಬರಿಗೂ ವಿಷವಿಕ್ಕುತ್ತಾಳೆ. ಅವರಿಬ್ಬರೂ ನವಿಲು ನಾಯಿಗಳಾಗಿ, ಜನ್ಮದಿಂದ ಜನ್ಮಕ್ಕೆ ಅಲೆದು, ಕೋಳಿಗಳಾಗಿ ಸತ್ತು, ಕಡೆಗೆ ಯಶೋಧರನ ಮಗನಿಗೇ ಅವಳಿ ಮಕ್ಕಳಾಗಿ ಹುಟ್ಟುತ್ತಾರೆ.

ಜೈನ ಕವಿಯಾದ ಜನ್ನನಿಗೆ ಮುಖ್ಯವಾದದ್ದು, ಮನಸ್ಸಿನಲ್ಲಿ ನೆನೆದ ಹಿಂಸೆಯೂ ಹಿಂಸೆಯೇ ಎಂಬ ತತ್ವ. ಕಥೆಯ ಹೆಣಿಗೆಯನ್ನು ಮಾತ್ರ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಜನ್ಮಜನ್ಮದ ಅಲೆದಾಟ ಹೊರಟದ್ದು ಹೆಂಡತಿಯ ದ್ರೋಹದಿಂದ ನೇರವಾಗಿ ಅಲ್ಲ, ದ್ರೋಹಕ್ಕೆ ಸಿಕ್ಕವನು ನಾಚಿಕೆಯಿಂದ ತಾಯಿಗೆ ಹೇಳಿದ ಸುಳ್ಳಿನಿಂದ. ಮೋಸ ಹೋದವರು ಅದನ್ನು ಬಾಯಿಬಿಟ್ಟು ಹೇಳಲಾರದೆ ಮುಚ್ಚಿಕೊಳ್ಳುವುದು, ಆ ಮುಚ್ಚಿಕೆಯೇ ಏನೂ ಅರಿಯದ ಇನ್ನೊಬ್ಬರನ್ನು ಬಲಿ ತೆಗೆದುಕೊಳ್ಳುವುದು, ಇದು 800 ವರ್ಷದ ಹಿಂದಿನ ಕಾವ್ಯದಲ್ಲಿ ಹೇಗಿದೆಯೋ ಇಂದಿನ ಮನೆಗಳಲ್ಲೂ ಹಾಗೇ ಇದೆ. ಚಂದ್ರಮತಿಗೆ ಕೊನೆಯವರೆಗೂ ಕಾರಣ ಗೊತ್ತಿರಲಿಲ್ಲ.

ನಾಟಕ ಮುಗಿದ ಮೇಲಿನ ಭಾಗ

ಹಳ್ಳಿಯ ‘ಕುರುಕ್ಷೇತ್ರ’ ಸಾಮಾನ್ಯವಾಗಿ ದುರ್ಯೋಧನನ ಅವಸಾನಕ್ಕೆ ಮುಗಿಯುತ್ತದೆ. ಅಷ್ಟು ಹೊತ್ತಿಗೆ ಬೆಳಕು ಹರಿದಿರುತ್ತದೆ, ಮುಂದಿನದನ್ನು ಆಡಲು ಪುರುಸೊತ್ತಿಲ್ಲ. ಆದರೆ ಕರ್ಣನ ಪ್ರಶ್ನೆಗೆ ಉತ್ತರ ಹುಡುಕುವವರು ಮಹಾಭಾರತದ ಮುಂದಿನ ಪರ್ವಗಳನ್ನೂ ನೋಡಬೇಕು.

ಯುದ್ಧ ಮುಗಿದು ಸತ್ತವರಿಗೆ ತರ್ಪಣ ಬಿಡುವಾಗ ಕುಂತಿ ಕರ್ಣನಿಗೂ ನೀರು ಬಿಡಿ, ಅವನು ನಿಮ್ಮ ಅಣ್ಣ ಎನ್ನುತ್ತಾಳೆ. ಧರ್ಮರಾಯ ಗೆದ್ದ ರಾಜ್ಯವನ್ನೇ ಬೇಡವೆನ್ನುವಷ್ಟು ಕುಸಿದುಹೋಗುತ್ತಾನೆ. ಇನ್ನು ಮುಂದೆ ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲದೇ ಹೋಗಲಿ ಎಂದು ಶಪಿಸುತ್ತಾನೆ. ತಾಯಿಯ ಮೇಲಿನ ಸಿಟ್ಟನ್ನು ತಾಯಿಯ ಮೇಲೆ ತೀರಿಸಿಕೊಳ್ಳಲಾರದೆ ಇಡೀ ಹೆಣ್ಣುಕುಲದ ಮೇಲೆ ಹಾಕಿದ ಶಾಪ ಅದು. ಅದನ್ನು ಕೇಳಿದ ಮೇಲೂ ಕುಂತಿ ಅದೇ ಅರಮನೆಯಲ್ಲಿ ಅದೇ ಮಕ್ಕಳ ಜೊತೆ ಬಾಳಬೇಕು. ಗೆಳೆಯ ಕೈಕೊಟ್ಟರೆ ಗೆಳೆತನ ಬಿಡಬಹುದು, ಮನೆಯವರನ್ನು ಬಿಡುವುದು ಅಷ್ಟು ಸಲೀಸಲ್ಲ.

ವರ್ಷಗಳ ನಂತರ ಧೃತರಾಷ್ಟ್ರ, ಗಾಂಧಾರಿ ಕಾಡಿಗೆ ಹೊರಟಾಗ ಕುಂತಿಯೂ ಅವರ ಜೊತೆ ಹೊರಡುತ್ತಾಳೆ. ಹೋಗಬೇಡವೆಂದು ಮಕ್ಕಳು ಗೋಗರೆಯುತ್ತಾರೆ. ಸಹದೇವನನ್ನು ನೋಡಿಕೋ ಎಂದು ಧರ್ಮರಾಯನಿಗೆ ಹೇಳುವಾಗಲೇ ಕರ್ಣನನ್ನು ಮರೆಯಬೇಡ ಎಂದೂ ಹೇಳುತ್ತಾಳೆ. ತನ್ನ ತಪ್ಪಿನಿಂದ ಅವನು ಸತ್ತ, ಅವನನ್ನು ಕಾಣದೆಯೂ ಒಡೆಯದ ತನ್ನ ಎದೆ ಕಬ್ಬಿಣದ್ದೇ ಇರಬೇಕು ಎನ್ನುತ್ತಾಳೆ. ಕಾಡಿನಲ್ಲಿ ವ್ಯಾಸರು ಬಂದು ಮನಸ್ಸಿನಲ್ಲಿ ಏನಿದೆ ಕೇಳು ಎಂದಾಗ ಅವಳು ಕೇಳುವುದೂ ಕರ್ಣನನ್ನು ಒಮ್ಮೆ ನೋಡಬೇಕೆಂದೇ.